ಹಳೇ ಇ46 ಕೂಪೆಗೆ ಶಾಕ್: ಬಿ4 ಹಾಕಿಸಲೋ, ಬಿ6 ಹಾಕಿಸಲೋ?

ಬಿಳಿಕೂಪೆ:
ನನ್ನದು 2003ರ ಬಿಎಂಡಬ್ಲ್ಯು 330ಸಿಐ, ಇ46 ಪೀಳಿಗೆಯ ಎರಡು ಬಾಗಿಲಿನ ಕೂಪೆ. 1,62,000 ಕಿ.ಮೀ. ಓಡಿದೆ. ಮುಂದಿನ ಸ್ಟ್ರಟ್ (ಸ್ಪ್ರಿಂಗ್ ಜೊತೆ ಸೇರಿರೋ ಶಾಕ್), ಹಿಂದಿನ ಶಾಕ್ ಅಬ್ಸಾರ್ಬರ್ ಎಲ್ಲಾ ಫ್ಯಾಕ್ಟರಿಯಿಂದ ಬಂದವೇ. ದಿನಾ ಕೆಲಸಕ್ಕೆ ಇದರಲ್ಲೇ ಹೋಗಿಬರ್ತೀನಿ. ಟ್ರ್ಯಾಕ್ ಕಡೆ ತಲೆ ಹಾಕಿಲ್ಲ, ಹಾಕೋದೂ ಇಲ್ಲ.

ಹೆದ್ದಾರಿಯಲ್ಲಿ ಅಲೆಅಲೆಯಾದ ಜಾಗ ಬಂದರೆ ಮೂತಿ ಎದ್ದು ಇಳಿದು ಸುಮ್ಮನಾಗಲ್ಲ, ಎರಡು ಮೂರು ಸಲ ತೂಗುತ್ತೆ. ಹಿಂದಿನ ಎಡ ಟೈರಿನ ಮೇಲೆ ಕೈಯಾಡಿಸಿದರೆ ಉಬ್ಬುತಗ್ಗು ಚೆನ್ನಾಗಿ ಗೊತ್ತಾಗುತ್ತೆ. ಹಂಪ್ ಮೇಲೆ ಎಷ್ಟು ನಿಧಾನ ಹತ್ತಿಸಿದರೂ ಹಿಂದೆಲ್ಲೋ ‘ಟಕ್’. ಮೆಕ್ಯಾನಿಕ್ ಬಾನೆಟ್ ಒತ್ತಿ ಬಿಟ್ಟು ನೋಡಿ, "ಒಂದೇ ಸಲಕ್ಕೆ ನಿಂತ್ಕೊಳ್ತು, ಶಾಕ್ ಚೆನ್ನಾಗೇ ಇದೆ" ಅಂದುಬಿಟ್ಟರು. ಎಣ್ಣೆಯೂ ಸೋರಿಲ್ಲ. ಆದರೂ ನನಗೆ ನಂಬಿಕೆ ಬರ್ತಿಲ್ಲ.

ಬಿಲ್‌ಸ್ಟೈನ್ ಕಂಪನಿಯ ಬಿ4, ಬಿ6, ಇಲ್ಲಾ ಸ್ಯಾಕ್ಸ್, ಕೋನಿ ಹಳದಿ, ಈ ಶಾಕ್‌ಗಳ ಬಗ್ಗೆ ಓದಿ ಓದಿ ತಲೆ ಕೆಟ್ಟಿದೆ. ನನಗೆ ತಿರುವಿನ ಮಜಾನೂ ಬೇಕು, ಸೊಂಟಾನೂ ಉಳೀಬೇಕು. ಏನು ಹಾಕಿಸಲಿ?

ಹಳೇ ಸ್ಪ್ಯಾನರ್:
ಬಾನೆಟ್ ಒತ್ತೋ ಪರೀಕ್ಷೆಯಲ್ಲಿ ಪೂರ್ತಿ ಸತ್ತ ಶಾಕ್ ಮಾತ್ರ ಸಿಕ್ಕಿಬೀಳುತ್ತೆ. ಕೈಯಿಂದ ಒತ್ತೋ ವೇಗ ತೀರಾ ಕಮ್ಮಿ, ಬುಶ್‌ಗಳ (ಕೀಲುಗಳಲ್ಲಿರೋ ರಬ್ಬರು) ಬಿಗಿಯೇ ಗಾಡೀನ ನಿಲ್ಲಿಸಿಬಿಡುತ್ತೆ. ಉಬ್ಬುತಗ್ಗಾಗಿ ಸವೆದ ನಿಮ್ಮ ಟೈರೇ ಸಾಕ್ಷಿ ಹೇಳ್ತಿದೆಯಲ್ಲ, ಅದನ್ನ ನಂಬಿ.

ಬ್ರಾಂಡ್ ಆಮೇಲೆ ನೋಡೋಣ, ಮೊದಲು ಗಾಡಿಯಲ್ಲಿರೋ ಸ್ಪ್ರಿಂಗ್ ಯಾವುದು ಅಂತ ತಿಳ್ಕೊಳ್ಳಿ. ಚಾಸಿ ನಂಬರ್ ಕೊಟ್ಟರೆ ಮಾಮೂಲಿ ಸಸ್ಪೆನ್ಷನ್ನೋ ಸ್ಪೋರ್ಟ್ ಸಸ್ಪೆನ್ಷನ್ನೋ ಗೊತ್ತಾಗುತ್ತೆ. ಹಳೇ ಮಾಲೀಕರು ಬದಲಿಸಿರಬಹುದು, ಹಾಗಾಗಿ ಸ್ಪ್ರಿಂಗ್ ಮೇಲಿನ ಗುರುತನ್ನೂ ನೋಡಿ. ಬಿ4 ಮೂಲ ಶಾಕಿನ ಸ್ವಭಾವದ್ದು. ಬಿ6 ಮಾಮೂಲಿ ಎತ್ತರದ ಗಾಡಿಗೇ ಮಾಡಿದ್ದು, ಆದರೆ ಒಂದೇ ಕೊಳವೆ, ಒಳಗೆ ಜೋರು ಒತ್ತಡದ ಗ್ಯಾಸು. ಗ್ಯಾಸಿಗೂ ಎಣ್ಣೆಗೂ ನಡುವೆ ತೇಲೋ ಪಿಸ್ಟನ್ ಇರೋದರಿಂದ ಎಣ್ಣೆ ನೊರೆಗಟ್ಟಲ್ಲ, ಹಿಡಿತ ಸಡಿಲಾಗಲ್ಲ. ಬಿ8 ಅಂದರೆ ತಗ್ಗಿಸಿದ ಸ್ಪ್ರಿಂಗಿಗೆ ಅಂತ ಗಿಡ್ಡ ಮಾಡಿದ ಬಿ6. ಮಾಮೂಲಿ ಸ್ಪ್ರಿಂಗಿದ್ದರೆ ಅದರ ತಂಟೆಗೆ ಹೋಗಬೇಡಿ.

ಸೊಂಟದ ಮಾತು ಎತ್ತಿದಿರಿ ಅಂತ ಹೇಳ್ತೀನಿ: ಬಿ6 ವೇಗದಲ್ಲಿ ಸೊಗಸು, ನಿಧಾನಕ್ಕೆ ಹೋಗುವಾಗ ಸಣ್ಣಪುಟ್ಟ ತಗ್ಗನ್ನೂ ಎಣಿಸಿ ಎಣಿಸಿ ತೋರಿಸುತ್ತೆ. ನಾನು ನಿಮ್ಮ ಜಾಗದಲ್ಲಿದ್ದರೆ ಬಿ4 ಇಲ್ಲಾ ಸ್ಯಾಕ್ಸ್, ಮಿಕ್ಕ ದುಡ್ಡೆಲ್ಲಾ ಸಸ್ಪೆನ್ಷನ್ನಿನ ರಬ್ಬರ್ ಭಾಗಗಳಿಗೆ.

ಆ ರಬ್ಬರೇ ನಿಮ್ಮ ‘ಟಕ್’ ಇರಬಹುದು. ಇ46ರಲ್ಲಿ ಹಿಂದಿನ ಶಾಕಿನ ಮೇಲ್ತುದಿಯನ್ನ ಬಾಡಿಗೆ ಹಿಡಿದಿಡೋ ರಬ್ಬರ್ ಮೌಂಟ್ ಹರಿಯೋದು ಹೊಸದೇನಲ್ಲ. ಡಿಕ್ಕಿಯ ಪಕ್ಕದ ಹೊದಿಕೆ ಸರಿಸಿ, ಮೌಂಟಿನ ನಟ್ ಮೇಲೆ ಬೆರಳಿಟ್ಕೊಂಡು ಇನ್ನೊಬ್ಬರಿಂದ ಗಾಡಿ ಕುಣಿಸಿ. ನಾನು ಒಂದು ಸಲ ಜಾಣತನ ಮಾಡಿ ಹೊಸ ಶಾಕಿಗೆ ಹಳೇ ಮೌಂಟನ್ನೇ ಉಳಿಸಿದ್ದೆ. ಎರಡೇ ತಿಂಗಳಿಗೆ ಅದು ಹರೀತು, ಬಿಚ್ಚೋ ಕೆಲಸ ಮತ್ತೆ ಮೊದಲಿಂದ.

ನಾಕನೇ ಗೇರು:
ಸ್ಪ್ಯಾನರ್ ಅಣ್ಣ, ನೀವು ಬಿ6ಗೆ ಸ್ವಲ್ಪ ಅನ್ಯಾಯ ಮಾಡ್ತಿದೀರಿ. ನಾನು ಹಾಕಿಸಿದಾಗ ಮೊದಲ ವಾರ ಹಲ್ಲು ಕಚ್ಕೊಂಡು ಓಡಿಸಿದೆ, ಆಮೇಲೆ ಟೈರ್ ಗಾಳಿ ನೋಡಿದರೆ ಎಷ್ಟೋ ಜಾಸ್ತಿ ಇತ್ತು! ಅರ್ಧ ಬೈಗುಳ ಅದಕ್ಕೇ ಸಲ್ಲಬೇಕಿತ್ತು.

ಕೋನಿ ಹಳದಿ ಬಗ್ಗೆ: ಅದರಲ್ಲಿ ಹೊಂದಿಸೋಕಾಗೋದು ಶಾಕ್ ಹಿಗ್ಗುವಾಗಿನ ಬಿಗಿ ಮಾತ್ರ. ಎಷ್ಟೋ ಗಾಡಿಗಳಲ್ಲಿ ಹಿಂದಿನದ್ದನ್ನ ಬಿಚ್ಚಿ, ಪೂರ್ತಿ ಅದುಮಿ ತಿರುಗಿಸಬೇಕು. ಒಂದು ಸಲ ಹೊಂದಿಸಿ ಮರೆತುಬಿಡೋರಿಗೆ ಸರಿ.

ಎಣ್ಣೆಕೈ:
ಯಾವುದನ್ನೇ ತಗೊಳ್ಳಿ, ಎಡ ಬಲ ಜೋಡಿಯಾಗಿ ಬದಲಿಸಿ. ಮುಂದಿನದು ಸ್ಟ್ರಟ್, ಸ್ಟೀರಿಂಗ್ ತಿರುಗಿಸಿದಾಗ ಅದೂ ತಿರುಗುತ್ತೆ, ಹಾಗಾಗಿ ಮೇಲಿನ ಮೌಂಟಿನ ಬೇರಿಂಗ್ ಹೊಸದಾಗಿರಲಿ. ಬಂಪ್ ಸ್ಟಾಪ್ (ಶಾಕ್ ಪೂರ್ತಿ ಅದುಮಿದಾಗ ತಡೆಯೋ ಮೆತ್ತೆ) ಮುಟ್ಟಿದರೆ ಪುಡಿಪುಡಿ ಉದುರ್ತಿದ್ದರೆ ಅದೂ ಹೊಸದು. ಸ್ಪ್ರಿಂಗ್ ಅದುಮೋ ಕೆಲಸ ಮುಂದೆ ಮಾತ್ರ, ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗ್ ಅದುಮಿ ಹಿಡಿಯೋ ಸಲಕರಣೆ) ಇಲ್ಲದೆ ಕೈ ಹಾಕಬೇಡಿ. ಹಿಂದೆ ಸ್ಪ್ರಿಂಗೂ ಶಾಕೂ ಬೇರೆ ಬೇರೆ, ಸುಲಭ.

ಆ ಹಿಂದಿನ ಶಾಕಿನ ಕೆಳಗಿನ ಬೋಲ್ಟನ್ನ ಚಕ್ರ ನೇತಾಡ್ತಿರುವಾಗ ಪೂರ್ತಿ ಬಿಗಿ ಮಾಡಬೇಡಿ ಮಾರಾಯ್ರೆ. ಗಾಡಿಯ ಭಾರ ಚಕ್ರದ ಮೇಲೆ ಬಂದಮೇಲೆ ಬಿಗೀರಿ. ಇಲ್ಲಾಂದರೆ ಬುಶ್ ರಬ್ಬರು ದಿನವಿಡೀ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಎಲ್ಲಾ ಮುಗಿದ ಮೇಲೆ ಅಲೈನ್‌ಮೆಂಟ್.

ಬಿಳಿಕೂಪೆ:
ಎಲ್ಲರಿಗೂ ಥ್ಯಾಂಕ್ಸ್. ಸ್ಪ್ರಿಂಗ್ ಮಾಮೂಲಿಯದೇ. ಡಿಕ್ಕಿ ಹೊದಿಕೆ ಸರಿಸಿ ಬೆರಳಿಟ್ಟೆ, ಎಡಗಡೆ ‘ಟಕ್’ ನೇರ ಬೆರಳಿಗೇ ಬಡೀತು. ಮೌಂಟ್ ರಬ್ಬರು ಸುತ್ತಲೂ ಸೀಳಿತ್ತು. ನಾಲ್ಕೂ ಕಡೆ ಬಿ4, ಹೊಸ ಮೌಂಟು, ಬಂಪ್ ಸ್ಟಾಪ್ ಹಾಕಿಸಿದೆ. ಮೂತಿ ಈಗ ಎದ್ದು, ಇಳಿದು, ನಿಲ್ಲುತ್ತೆ. ಟೈರಿನ ಗುಂಯ್ ಸದ್ದು ಮಾತ್ರ ಇನ್ನೂ ಇದೆ, ಸವೆದ ಟೈರು ತಾನಾಗಿ ಸರಿಯಾಗಲ್ಲವಲ್ಲ.

ಬಿಚ್ಚಿದ ಹಳೇ ಶಾಕನ್ನ ನೆಲದ ಮೇಲೆ ನಿಲ್ಲಿಸಿ ಮೆಕ್ಯಾನಿಕ್ ಮುಂದೆಯೇ ಒತ್ತಿದೆ. ನಡುವೆ ಎರಡು ಬೆರಳಷ್ಟು ಜಾಗದಲ್ಲಿ ತಡೆಯೇ ಇಲ್ಲ, ಸರ್ರನೆ ಒಳಗೆ ಹೋಗಿ ಅಲ್ಲೇ ಕೂತ್ಕೊಳ್ತು. ಹೊಸದನ್ನ ಅದುಮಿ ಕೈಬಿಟ್ಟರೆ ಮೆಲ್ಲಗೆ ಮೇಲೆದ್ದು ಬಂತು. ಅವರು ಎರಡನ್ನೂ ಇನ್ನೊಂದು ಸಲ ಒತ್ತಿ ನೋಡಿ, ಏನೂ ಹೇಳದೆ ಸ್ಪ್ಯಾನರ್ ಕೈಗೆ ತಗೊಂಡರು.