ಪದಚರ್ಚೆ: ಟೆನ್ಸ್ ಚಿಕಿತ್ಸೆ, ‘ನರ ಪ್ರಚೋದನೆ’ ಮತ್ತು ಜುಮುಜುಮು

ಬೆಳಗಾವಿಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಟೊಂಕ, ಮೊಣಕಾಲು, ಕುತ್ತಿಗೆಯ ಹಳೆಯ ನೋವಿಗೆ ಫಿಸಿಯೊಥೆರಪಿಯಲ್ಲಿ ಬಳಸುವ ಟೆನ್ಸ್ ಯಂತ್ರವನ್ನು ಮನೆಗೆ ಒಯ್ಯುವವರಿಗಾಗಿ ಒಂದು ಪುಟದ ಸೂಚನಾಪತ್ರ ಬರೆಯುತ್ತಿದ್ದೇನೆ. ಓದುವವರು ಗೋಕಾಕ, ಸವದತ್ತಿ, ಅಥಣಿ ಕಡೆಯವರು. ಮೂರು ಕಡೆ ಪದ ಕೈಗೆ ಸಿಗುತ್ತಿಲ್ಲ.

ಮೊದಲನೆಯದು ಹೆಸರು. ಟ್ರಾನ್ಸ್‌ಕ್ಯುಟೇನಿಯಸ್ ಎಲೆಕ್ಟ್ರಿಕಲ್ ನರ್ವ್ ಸ್ಟಿಮ್ಯುಲೇಶನ್ ಎಂಬುದರ ಮೊದಲಕ್ಷರಗಳೇ ಟೆನ್ಸ್. ‘ಚರ್ಮದ ಮೂಲಕ ವಿದ್ಯುತ್ ನರ ಪ್ರಚೋದನೆ’ ಎಂದು ಬರೆದು ನೋಡಿದೆ. ಒಂದೊಂದು ಪದವೂ ಸರಿ, ಕೂಡಿಸಿ ಓದಿದರೆ ಏನೂ ಹೊಳೆಯುವುದಿಲ್ಲ. ಎರಡನೆಯದು, ಜನ ಇದನ್ನು ‘ಕರೆಂಟ್ ಕೊಡಸೂದು’, ‘ಶಾಕ್ ಕೊಡಸೂದು’ ಅನ್ನುತ್ತಾರೆ. ಬಾಯಲ್ಲಿರುವ ಮಾತನ್ನೇ ಉಳಿಸಿಕೊಳ್ಳಬಹುದೇ? ಮೂರನೆಯದು, ಯಂತ್ರದ ಜೋರು ಎಷ್ಟಿರಬೇಕು ಎಂಬುದಕ್ಕೆ ‘ಜುಮುಜುಮು ಅನ್ನುವವರೆಗೆ ಹೆಚ್ಚಿಸಿ’ ಎಂದಿದ್ದೇನೆ. ಇದನ್ನು ‘ಜೋಮು ಹಿಡಿಯುವವರೆಗೆ’ ಎಂದು ಓದಿಕೊಳ್ಳುವ ಸಾಧ್ಯತೆ ಇದೆಯೇ?

ಬಾಗಲಕೋಟೆಯಿಂದ ಉತ್ತರ

ಮೂರನೆಯದನ್ನೇ ಮೊದಲು ಹಿಡಿಯುತ್ತೇನೆ, ಯಾಕೆಂದರೆ ಚರ್ಮ ಸುಡುವುದು ಅಲ್ಲೇ. ಸಾಧ್ಯತೆ ಖಂಡಿತ ಇದೆ. ಚಕ್ಕಂಬಕ್ಕಲ ಹಾಕಿ ಬಹಳ ಹೊತ್ತು ಕುಳಿತು ಎದ್ದಾಗ ಕಾಲಿಗೆ ಆಗುವುದು ಜೋಮು, ಮುಟ್ಟಿದ್ದು ಸರಿಯಾಗಿ ಗೊತ್ತಾಗದ ಸ್ಥಿತಿ. ಆ ಜೋಮು ಬಿಡುವಾಗ ಇರುವೆ ಹರಿದಾಡಿದಂತೆ ಆಗುವುದು ಜುಮುಜುಮು. ಆಡುಮಾತಿನಲ್ಲಿ ಎರಡೂ ‘ಜುಮ್ ಹಿಡದೈತಿ’ ಆಗಿಬಿಡುತ್ತವೆ. ಇನ್ನು ಶುಗರ್ ಹಳೆಯದಾಗಿ ಪಾದದ ನರಗಳು ಕೆಟ್ಟವರಿಗೆ ಜುಮುಜುಮು ಅನ್ನುವುದೇ ರೋಗದ ದೂರು. ಅಂಥವರಿಗೆ ‘ಜುಮುಜುಮು ಅನ್ನುವವರೆಗೆ’ ಎಂದು ಬರೆದುಕೊಟ್ಟರೆ ಯಂತ್ರ ಚಾಲೂ ಆಗುವ ಮೊದಲೇ ಸೂಚನೆ ಮುಗಿದಂತೆ. ಇಲ್ಲವೇ, ತೊಗಲಿಗೆ ಸ್ಪರ್ಶವೇ ಇಲ್ಲದ ಕಡೆ ಕರೆಂಟು ಹಾಯಿಸುವ ಅಂಟುಪಟ್ಟಿ, ಅಂದರೆ ಪ್ಯಾಡ್, ಅಂಟಿಸಿ, ಏನೂ ಅನಿಸುತ್ತಿಲ್ಲವೆಂದು ಜೋರು ಏರಿಸುತ್ತಲೇ ಹೋಗುತ್ತಾರೆ.

ಆದ್ದರಿಂದ ಜುಮುಜುಮು ಪದ ಇರಲಿ, ಅದರ ಹಿಂದೊಂದು ಪರೀಕ್ಷೆಯೂ ಇರಲಿ. ಯಂತ್ರ ಕೊಡುವವರು ಹೊಸ ಗುಂಡುಸೂಜಿ ತೆಗೆದುಕೊಂಡು, ರೋಗಿಗೆ ಕಣ್ಣು ಮುಚ್ಚಲು ಹೇಳಿ, ಪ್ಯಾಡ್ ಬರುವ ಜಾಗಕ್ಕೆ ಒಮ್ಮೆ ಮೊನೆ, ಒಮ್ಮೆ ತಲೆ ಹಗುರಾಗಿ ಮುಟ್ಟಿಸಿ ‘ಚೂಪೈತೋ ಮೊಂಡೈತೋ’ ಎಂದು ಕೇಳಬೇಕು. ಕ್ರಮ ಹಿಂದುಮುಂದು ಮಾಡಿ ಏಳೆಂಟು ಸಲ. ವ್ಯತ್ಯಾಸ ಹೇಳಲಾಗದ ಜಾಗಕ್ಕೆ ಪ್ಯಾಡ್ ಬೇಡ.

ಜೋರಿನ ಮಟ್ಟಕ್ಕೆ ನಮ್ಮ ಕಡೆಯ ಕ್ರಿಯಾಪದಗಳೇ ಸಾಕು. ಗುಂಡಿಯನ್ನು ಸೊನ್ನೆಯಿಂದ ನಿಧಾನಕ್ಕೆ ತಿರುವುತ್ತ ಹೋದರೆ ಮೊದಲು ‘ಏನೂ ಅನಸವಲ್ದು’, ಆಮೇಲೆ ‘ಜುಮುಜುಮು ಅಂತೈತಿ’, ಮುಂದೆ ‘ಜಗ್ಗತೈತಿ’, ಅದನ್ನೂ ದಾಟಿದರೆ ‘ಚುಚ್ಚತೈತಿ, ಉರೀತೈತಿ’. ಸಾಮಾನ್ಯ ಟೆನ್ಸ್‌ನಲ್ಲಿ ಸೆಕೆಂಡಿಗೆ ಕರೆಂಟಿನ 80ರಿಂದ 120 ಮಿಡಿತ (ಪಲ್ಸ್), ಒಂದೊಂದು ಮಿಡಿತ 50ರಿಂದ 200 ಮೈಕ್ರೊಸೆಕೆಂಡ್. ಇಲ್ಲಿ ಬೇಕಾದ ಜಾಗ ಜಗ್ಗುವುದಕ್ಕಿಂತ ಒಂದು ಗೆರೆ ಕೆಳಗೆ: ಜುಮುಜುಮು ಗಟ್ಟಿಯಾಗಿರಬೇಕು, ಸ್ನಾಯು ಅಲುಗಬಾರದು, ಹಿತ ಕೆಡಬಾರದು. ಅಂಜಿಕೊಂಡು ಸ್ವಲ್ಪವೇ ಇಟ್ಟುಕೊಂಡರೆ ನೋವೂ ತಗ್ಗುವುದಿಲ್ಲ. ಇದು ತುಂಬ ಕಂಡುಬರುವ ತಪ್ಪು.

ಇನ್ನೊಂದು ಬಗೆಯಲ್ಲಿ ಸೆಕೆಂಡಿಗೆ 2ರಿಂದ 4 ಮಿಡಿತ ಮಾತ್ರ, ಮಿಡಿತದ ಅವಧಿ ಹೆಚ್ಚು, 200 ಮೈಕ್ರೊಸೆಕೆಂಡಿನ ಸುತ್ತಮುತ್ತ. ಅಲ್ಲಿ ಸ್ನಾಯು ಕಣ್ಣಿಗೆ ಕಾಣುವಂತೆ ಅದುರಬೇಕು. ‘ಸಂಕೋಚನ’ ಎಂದು ಬರೆಯಬೇಡಿ. ಕಣ್ಣುರೆಪ್ಪೆ ಅದುರಿದರೆ ‘ಎಡಗಣ್ಣ ಹಾರತೈತಿ’ ಅನ್ನುತ್ತೇವಲ್ಲ, ಅದೇ ‘ಹಾರು’ ಇಲ್ಲಿಗೆ ಒಪ್ಪುತ್ತದೆ: ‘ಮಾಂಸಖಂಡ ಟಕ್ ಟಕ್ ಅಂತ ಹಾರಬೇಕು.’ ಈ ಬಗೆಯನ್ನು ಒಂದು ಸಲಕ್ಕೆ 20ರಿಂದ 30 ನಿಮಿಷ ನಡೆಸಿದರೆ ಸಾಕು, ಹೆಚ್ಚಾದರೆ ಮರುದಿನ ಸ್ನಾಯು ನೋಯುತ್ತದೆ.

ಹತ್ತು ನಿಮಿಷದಲ್ಲಿ ಜುಮುಜುಮು ಮಂಕಾಗುತ್ತದೆ. ನರ ಹೊಂದಿಕೊಂಡಿತು ಎಂದರ್ಥ, ಒಂದು ಗೆರೆ ಏರಿಸಬಹುದು. ಆದರೆ ಏರಿಸುವ ಮೊದಲು ಪ್ಯಾಡ್ ನೋಡಬೇಕು. ಅಂಚು ಎದ್ದಿದ್ದರೆ ಅಥವಾ ಅಂಟು ಒಣಗಿದ್ದರೆ ಅಷ್ಟೇ ಕರೆಂಟು ಉಳಿದ ಚಿಕ್ಕ ಜಾಗದಿಂದ ಹಾಯುತ್ತದೆ, ಅಲ್ಲಿ ಸೂಜಿಯಂತೆ ಚುಚ್ಚಿ ಕೆಂಪು ಕಲೆ ಏಳುತ್ತದೆ. ರೋಗಿ ‘ಕರೆಂಟ್ ಜಾಸ್ತಿ ಆತು’ ಅನ್ನುತ್ತಾನೆ. ನಿಜದಲ್ಲಿ ಕರೆಂಟು ಅಷ್ಟೇ ಇದೆ, ತಾಕುವ ಜಾಗ ಕಡಿಮೆಯಾಗಿದೆ.

ಇನ್ನು ‘ಶಾಕ್’ ಬೇಡವೇ ಬೇಡ. ಆ ಪದಕ್ಕೆ ನಮ್ಮಲ್ಲಿ ತಂತಿ ಮುಟ್ಟಿ ಹೊಡೆಸಿಕೊಳ್ಳುವುದು, ಮನೋರೋಗಕ್ಕೆ ಕೊಡುವ ಚಿಕಿತ್ಸೆ, ನಿಂತ ಎದೆಯನ್ನು ನಡೆಸುವ ಯಂತ್ರ ಎಂಬ ಮೂರು ಅರ್ಥಗಳಿವೆ, ಮೂರೂ ಅಂಜಿಕೆಯವು. ಇಲ್ಲಿರುವುದು ಅನೇಕ ಯಂತ್ರಗಳಲ್ಲಿ 9 ವೋಲ್ಟಿನ ಒಂದು ಬ್ಯಾಟರಿ. ‘ಕರೆಂಟ್’ ಉಳಿಸಿಕೊಳ್ಳಿ, ಆದರೆ ಒಂಟಿಯಾಗಿ ಬೇಡ. ಫಿಸಿಯೊಥೆರಪಿಯ ಇನ್ನೊಂದು ಕರೆಂಟ್ ಚಿಕಿತ್ಸೆಯಾದ ಐಎಫ್‌ಟಿಗೂ (ಇಂಟರ್‌ಫರೆನ್ಷಿಯಲ್ ಥೆರಪಿ) ‘ಕರೆಂಟ್’ ಅಂತಲೇ ಅನ್ನುತ್ತಾರೆ. ಅದರಲ್ಲಿ ನಾಲ್ಕು ಪ್ಯಾಡ್ ಅಡ್ಡಡ್ಡ ಇಟ್ಟು, ಒಂದು ಜೋಡಿಗೆ ಸೆಕೆಂಡಿಗೆ 4000, ಇನ್ನೊಂದಕ್ಕೆ 4100 ಕಂಪನ ಕೊಡುತ್ತಾರೆ, ಎರಡೂ ಕೂಡುವಲ್ಲಿ ಅವುಗಳ ವ್ಯತ್ಯಾಸವಾದ 100 ಕೆಲಸ ಮಾಡುತ್ತದೆ. ಬಾಯಿ ಸೊಟ್ಟಾದಾಗ ಮುಖದ ಸ್ನಾಯುವಿಗೆ ಕೊಡುವುದೂ ‘ಕರೆಂಟ್’. ರೋಗಿ ಬೇರೆ ಊರಿನ ದವಾಖಾನೆಗೆ ಹೋಗಿ ‘ಕರೆಂಟ್ ಕೊಟ್ಟಾರ್ರಿ’ ಅಂದರೆ ಯಾವುದೆಂದು ಯಾರಿಗೂ ತಿಳಿಯುವುದಿಲ್ಲ. ಚೀಟಿಯ ಮೇಲೆ ‘ಟೆನ್ಸ್’ ಎಂಬ ಹೆಸರು ಇರಲೇಬೇಕು.

ವಿಜಯಪುರದಿಂದ ಉತ್ತರ

ನಾನು ಭಾಷೆಯ ಕಡೆಯಿಂದ ನೋಡುತ್ತೇನೆ. ‘ಪ್ರಚೋದನೆ’ ಈಗ ಪೊಲೀಸ್ ಸ್ಟೇಶನ್ನಿನ ಪದ. ಪತ್ರಿಕೆ ಓದುವವನಿಗೆ ‘ಆತ್ಮಹತ್ಯೆಗೆ ಪ್ರಚೋದನೆ’, ‘ಪ್ರಚೋದನಕಾರಿ ಭಾಷಣ’ ಬಿಟ್ಟು ಬೇರೆ ನೆನಪಾಗದು. ‘ಉದ್ದೀಪನ’ ಚಂದದ ಪದ, ಕಾವ್ಯಮೀಮಾಂಸೆಯಲ್ಲಿ ಆಲಂಬನದ ಜೊತೆ ಕೂರುವಂಥದ್ದು, ಆದರೆ ಕ್ರೀಡಾಸುದ್ದಿಯ ‘ಉದ್ದೀಪನ ಮದ್ದು’ ಅದನ್ನು ಕೆಡಿಸಿದೆ. ‘ಕೆರಳಿಸು’ ಅಂದರೆ ಹುಣ್ಣು ಕೆರಳಿದ ಹಾಗೆ, ನೋವು ಇಳಿಸುವ ಯಂತ್ರಕ್ಕೆ ತೀರ ಉಲ್ಟಾ.

‘ನರ’ ಇನ್ನೂ ತೊಡಕಿನದು. ತಮಿಳಿನ ನರಂಬು, ತೆಲುಗಿನ ನರಮು, ನಮ್ಮ ನರ ಒಂದೇ ಬಳ್ಳಿಯವು. ನರ್ವ್, ರಕ್ತನಾಳ, ಸ್ನಾಯುವಿನ ತುದಿಯ ಹುರಿ, ಮೂರನ್ನೂ ಅವು ಮೊದಲಿನಿಂದ ಹೇಳುತ್ತ ಬಂದಿವೆ. ಸಲಾಯಿನ್ ಹಚ್ಚುವಾಗ ‘ನರ ಸಿಗವಲ್ದು’ ಅಂದರೆ ರಕ್ತನಾಳ. ‘ಕುತ್ತಿಗಿ ನರ ಹಿಡದೈತಿ’ ಅಂದರೆ ಸ್ನಾಯು. ಗಡಿಭಾಗದ ಮರಾಠಿಯ ಶೀರ, ನಮ್ಮೂರ ದಖನಿಯ ನಸ್ ಕೂಡ ಹೀಗೇ ಎರಡೂ ಕಡೆ ಸಲ್ಲುತ್ತವೆ. ಹೀಗಾಗಿ ‘ನರಕ್ಕೆ ಕರೆಂಟ್’ ಎಂದು ಓದಿದವರು ಪಿಂಡರಿಯಲ್ಲಿ ಉಬ್ಬಿದ ನೀಲಿ ನರದ ಮೇಲೆಯೇ ಪ್ಯಾಡ್ ಅಂಟಿಸಬಹುದು. ‘ಮುಟ್ಟಿದ್ದು, ನೋವಾದದ್ದು ಮಿದುಳಿಗೆ ತಿಳಿಸುವ ನರ’ ಎಂದು ಒಮ್ಮೆ ಬಿಡಿಸಿ ಬರೆದರೆ ಮುಂದೆ ‘ನರ’ ಸಾಕು.

‘ಚರ್ಮದ ಮೂಲಕ’ ಎಂಬಲ್ಲಿಯೂ ಎಡವಟ್ಟಿದೆ. ಸೂಜಿ ಚುಚ್ಚಿ ನರಕ್ಕೆ ಕರೆಂಟು ಕೊಡುವ ವಿಧಾನ ಬೇರೆಯೇ ಇದೆ, ಬೆನ್ನುಹುರಿಯ ಬಳಿ ಶಸ್ತ್ರಚಿಕಿತ್ಸೆ ಮಾಡಿ ತಂತಿ ಕೂಡಿಸುವುದೂ 1967ರಿಂದ ಇದೆ. ‘ಮೂಲಕ’ ಅಂದಾಗ ತೂರಿಹೋದಂತೆ ಕೇಳುತ್ತದೆ. ‘ತೊಗಲ ಮೇಲಿಂದ’ ಅನ್ನಿ, ಚುಚ್ಚುವುದಿಲ್ಲ ಎಂಬುದು ತಾನೇ ತಿಳಿಯುತ್ತದೆ.

ಸ್ಟಿಮ್ಯುಲೇಶನ್‌ಗೆ ‘ಮಿಡಿ’ ಹೇಗೆ? ತಂತಿ ಮಿಡಿಯುತ್ತೇವೆ, ಬೆರಳು ತಾಕಿದ ಕೂಡಲೇ ಬಿಡುತ್ತೇವೆ, ತಂತಿ ನುಡಿಯುತ್ತದೆ. ಈ ಯಂತ್ರ ಮಾಡುವುದೂ ಅದನ್ನೇ, ಒಂದೇ ಸಮ ಹರಿಸದೆ ಬಿಟ್ಟು ಬಿಟ್ಟು ತಾಕಿಸುತ್ತದೆ. ಪಲ್ಸ್‌ಗೂ ‘ಮಿಡಿತ’ ಆಗುತ್ತದೆ, ‘ನಾಡಿಯ ಅಗಲ’ ಎಂಬ ಅನುವಾದದಿಂದ ಪಾರಾಗುತ್ತೇವೆ. ‘ನರಮಿಡಿತ ಚಿಕಿತ್ಸೆ’ ಎಂದು ಹೆಸರಿಡಬಹುದು.

ಕೊನೆಯದು, ಟೆನ್ಸ್ ನೋವನ್ನು ಹೇಗೆ ತಗ್ಗಿಸುತ್ತದೆ ಎಂದು ವಿವರಿಸುವಾಗ ಬರುವ ‘ಗೇಟ್’. ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಮುಂದಿಟ್ಟ ಗೇಟ್ ಸಿದ್ಧಾಂತವನ್ನು ‘ದ್ವಾರ ನಿಯಂತ್ರಣ’ ಅನ್ನುತ್ತಾರೆ. ನಮ್ಮ ಹಳ್ಳಿಯಲ್ಲಿ ಅಗಸಿ ಇರುವಾಗ ದ್ವಾರ ಯಾಕೆ? ಸ್ಪರ್ಶದ ಸುದ್ದಿ ತರುವ ದಪ್ಪ ಎಳೆಗಳು ವೇಗದವು, ನೋವಿನ ಸುದ್ದಿಯ ತೆಳ್ಳನೆಯ ಎಳೆಗಳು ನಿಧಾನದವು. ಬೆನ್ನುಹುರಿಯ ಅಗಸಿಯಲ್ಲಿ ದಪ್ಪ ಎಳೆಗಳ ಗದ್ದಲ ಹೆಚ್ಚಾದರೆ ನೋವಿನ ಸುದ್ದಿ ಒಳಗೆ ಹೋಗುವುದು ಕಡಿಮೆಯಾಗುತ್ತದೆ. ಮೊಣಕೈ ಬಾಗಿಲಿಗೆ ಬಡಿದಾಗ ಕೈ ತಾನಾಗಿ ಹೋಗಿ ತಿಕ್ಕುತ್ತದಲ್ಲ, ಅದೇ ಯುಕ್ತಿ.

ಬಾಗಲಕೋಟೆಯಿಂದ ಮತ್ತೆ

ಅಗಸಿ ಬಹಳ ಹಿಡಿಸಿತು. ಸೆಕೆಂಡಿಗೆ 2–4ರ ಬಗೆಯಲ್ಲಿ ಮಾತ್ರ ಅಗಸಿಗಿಂತ, ದೇಹ ತಾನೇ ಮಾಡಿಕೊಳ್ಳುವ ಅಫೀಮಿನಂಥ ನೋವಿಳಿಕೆ ರಸಗಳ ಪಾಲು ದೊಡ್ಡದು.

‘ನರಮಿಡಿತ’ಕ್ಕೆ ನನ್ನ ತಕರಾರಿದೆ. ಸೂಚನಾಪತ್ರದ ಮೊದಲ ಸಾಲೇ ‘ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ಬಳಸಬಾರದು’ ಎಂದಿರಬೇಕು. ಪೇಸ್‌ಮೇಕರ್ ಇದ್ದವರಿಗೆ ವೈದ್ಯರು ಹೇಳಿರುವುದೇ ‘ನಿಮ್ಮ ಎದೆಮಿಡಿತ ಸರಿಮಾಡುವ ಯಂತ್ರ’ ಎಂದು. ಅವರ ಕೈಗೆ ‘ಮಿಡಿತ ಚಿಕಿತ್ಸೆ’ಯ ಹಾಳೆ ಬಂದರೆ ತಮಗಾಗಿಯೇ ಎಂದುಕೊಳ್ಳುತ್ತಾರೆ. ಒಳಗಿನ ವಿವರಣೆಯಲ್ಲಿ ‘ಕರೆಂಟಿನ ಸಣ್ಣ ಮಿಡಿತಗಳು’ ಇರಲಿ, ಹೆಸರಿನಲ್ಲಿ ಬೇಡ.

‘ನೋವು ನಿವಾರಣಾ ಯಂತ್ರ’ವೂ ಬೇಡ. ನಿವಾರಣೆ ಅಂದರೆ ಇಲ್ಲವಾಗಿಸುವುದು. ಟೆನ್ಸ್‌ನ ಪರಿಣಾಮ ಯಂತ್ರ ನಡೆಯುವಾಗ, ಮತ್ತೆ ಸ್ವಲ್ಪ ಹೊತ್ತು. ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿ ಟೊಂಕಬ್ಯಾನಿಗೆ ಇದನ್ನು ಕೊಡಬೇಡಿ ಎಂದೇ ಹೇಳುತ್ತದೆ. ಕೊಡುವವರೂ ಆ ಇಳಿದ ಹೊತ್ತಿನಲ್ಲಿ ನಡೆಯಲಿ, ವ್ಯಾಯಾಮ ಮಾಡಲಿ ಎಂದು ಕೊಡುತ್ತಾರೆ. ಇಳಕಲ್ಲಿನಲ್ಲಿ ಕುಣಿಮಗ್ಗದ ಮುಂದೆ ದಿನವಿಡೀ ಕೂರುವವರ ಟೊಂಕಕ್ಕೆ ಪ್ಯಾಡ್ ಅಂಟಿಸಿ ‘ನಿವಾರಣೆ’ ಎಂದು ಬರೆದುಕೊಟ್ಟರೆ ಅದು ಸುಳ್ಳು ಭರವಸೆ. ‘ತಗ್ಗಿಸುವ’ ಅನ್ನುವುದು ನಿಜ.

ಬೆಳಗಾವಿಯಿಂದ

ಇಬ್ಬರಿಗೂ ಧನ್ಯವಾದ. ತಿದ್ದಿದ ಕರಡು ಇದು:

‘ಟೆನ್ಸ್: ತೊಗಲ ಮೇಲಿಂದ ನರಕ್ಕೆ ಸಣ್ಣ ಕರೆಂಟು ಕೊಟ್ಟು ನೋವು ತಗ್ಗಿಸುವ ಯಂತ್ರ. ಪೇಸ್‌ಮೇಕರ್ ಇದ್ದವರು ಬಳಸಬಾರದು. ಬಸುರಿಯರು ಹೊಟ್ಟೆ, ಟೊಂಕಕ್ಕೆ ಹಚ್ಚಬಾರದು. ಕುತ್ತಿಗೆಯ ಮುಂಭಾಗ, ಕಣ್ಣು, ಗಾಯ, ಮುಟ್ಟಿದ್ದು ಗೊತ್ತಾಗದ ಜಾಗಕ್ಕೆ ಹಚ್ಚಬಾರದು. ಮೂರ್ಛೆರೋಗ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಕ್ಯಾನ್ಸರ್ ಇದ್ದರೆ ಮೊದಲು ವೈದ್ಯರಿಗೆ ಹೇಳಿ. ಗಾಡಿ ಹೊಡೆಯುವಾಗ, ಸ್ನಾನದಲ್ಲಿ, ನಿದ್ದೆಯಲ್ಲಿ ಬೇಡ.

ಹಚ್ಚುವ ಜಾಗವನ್ನು ಸಾಬೂನಿನಿಂದ ತೊಳೆದು ಒರೆಸಿ. ಎಣ್ಣೆ, ಬಾಮ್ ಇದ್ದರೆ ಪ್ಯಾಡ್ ಹಿಡಿಯುವುದಿಲ್ಲ. ಟೊಂಕಕ್ಕಾದರೆ ಬೆನ್ನೆಲುಬಿನ ಎಡಕ್ಕೊಂದು ಬಲಕ್ಕೊಂದು, ಮೊಣಕಾಲಿಗಾದರೆ ಕೀಲಿನ ಎರಡೂ ಬದಿಗೆ. ಎರಡು ಪ್ಯಾಡ್‌ಗಳ ನಡುವೆ ಒಂದು ಪ್ಯಾಡಿನಷ್ಟು, ಅಂದರೆ 5 ಸೆಂ.ಮೀ. ಜಾಗ ಬಿಡಿ. ಗುಂಡಿ ಸೊನ್ನೆಯಲ್ಲಿದೆ ಎಂದು ನೋಡಿ ಚಾಲೂ ಮಾಡಿ. ಗಟ್ಟಿಯಾಗಿ ಜುಮುಜುಮು ಅನ್ನಬೇಕು, ಜಗ್ಗಬಾರದು, ಚುಚ್ಚಬಾರದು. ಚುಚ್ಚಿದರೆ ಸೊನ್ನೆಗೆ ತಂದು ಪ್ಯಾಡಿನ ಅಂಚು ನೋಡಿ. 30 ನಿಮಿಷ ಸಾಕು. ಮುಗಿದ ಮೇಲೆ ಪ್ಯಾಡ್ ಕಿತ್ತು ಅದರ ಹಾಳೆಗೆ ಅಂಟಿಸಿಡಿ.’

ವಿಜಯಪುರದಿಂದ

ಚಲೋ ಆಗಿದೆ. ‘ಕಿತ್ತು’ ಮಾತ್ರ ಬದಲಿಸಿ. ಕೀಳು ಅಂದರೆ ವಾಯರ್ ಹಿಡಿದು ಜಗ್ಗುತ್ತಾರೆ, ಒಳಗಿನ ತಂತಿ ಪ್ಯಾಡಿನಿಂದ ಕಳಚಿಬರುತ್ತದೆ. ‘ಗುಂಡಿ ಸೊನ್ನೆಗೆ ತಂದು, ಅಂಚು ಹಿಡಿದು ಮೆಲ್ಲಗೆ ಬಿಡಿಸಿ’ ಎಂದು ಹಾಕಿ.