ಸಹಾಯ ಬೇಕು: ಸ್ವಿಚ್‌ನಲ್ಲಿ ಟೈಮ್ ಸರಿಹೋಯಿತು, ಸ್ಪೀಡ್ ಲಿಮಿಟ್ ಕೈಕೊಡುತ್ತಿದೆ

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದು ಮ್ಯಾನೇಜ್ಡ್ ಸ್ವಿಚ್ (ಸೆಟ್ಟಿಂಗ್ಸ್ ನಾವೇ ಬದಲಿಸಬಹುದಾದ ನೆಟ್‌ವರ್ಕ್ ಸ್ವಿಚ್) ಜೊತೆ ಒದ್ದಾಡುತ್ತಿದ್ದೇನೆ. ಟೈಮ್ ಸೆಟ್ ಮಾಡಿದರೂ ಆಫ್ ಆಗಿ ಆನ್ ಆದರೆ ಲಾಗ್‌ನಲ್ಲಿ ಮತ್ತೆ 1993ರ ಮಾರ್ಚ್ 1 ಅಂತಲೇ ಬರುತ್ತಿತ್ತು. ಒಳಗೆ ಬ್ಯಾಟರಿ ಗಡಿಯಾರ ಇಲ್ಲ ಅಲ್ವಾ, ನೆಟ್‌ವರ್ಕ್ ಮೂಲಕ ಸಮಯ ಕೊಡುವ ಎನ್‌ಟಿಪಿ ಸರ್ವರ್ ಕೊಟ್ಟ ಮೇಲೆ ಸರಿಹೋಯಿತು.

ಈಗ ಸಿಕ್ಕಿಹಾಕಿಕೊಂಡಿರುವುದು ಲಿಮಿಟ್‌ನಲ್ಲಿ. 5ನೇ ಪೋರ್ಟ್‌ಗೆ ಒಳಬರುವ ಟ್ರಾಫಿಕ್ 10 ಎಂಬಿಪಿಎಸ್, ಬರ್ಸ್ಟ್ (ಒಮ್ಮೆಲೇ ನುಗ್ಗಿ ಬಂದರೆ ಬಿಡುವ ಡೇಟಾ) 8 ಕೆಬಿ ಅಂತ ಪೊಲೀಸಿಂಗ್ ಹಾಕಿದೆ, ಅಂದರೆ ಮಿತಿ ಮೀರಿದ ಪ್ಯಾಕೆಟ್‌ಗಳನ್ನು ಸ್ವಿಚ್ ಬಿಸಾಡುತ್ತದೆ. ಆ ಪೋರ್ಟ್‌ನ ಕಂಪ್ಯೂಟರ್‌ನಿಂದ ಫೈಲ್ ಕಳಿಸಿದರೆ 3 ಎಂಬಿಪಿಎಸ್ ದಾಟುತ್ತಿಲ್ಲ. ಬಿಸಾಡಿದ ಪ್ಯಾಕೆಟ್ ಎಣಿಸುವ ಡ್ರಾಪ್ ಕೌಂಟರ್ ಮಾತ್ರ ಏರುತ್ತಲೇ ಇದೆ. ಲಿಮಿಟ್ ತೆಗೆದ ತಕ್ಷಣ ಪೂರ್ತಿ ಸ್ಪೀಡ್! ಕೇಬಲ್ ಬದಲಿಸಿದೆ, ಡ್ಯುಪ್ಲೆಕ್ಸ್ (ಏಕಕಾಲಕ್ಕೆ ಎರಡೂ ಕಡೆ ಡೇಟಾ ಹೋಗುತ್ತದೆಯೇ ಎಂಬ ಸೆಟ್ಟಿಂಗ್) ನೋಡಿದೆ, ಅಲ್ಲೇನೂ ತೊಂದರೆಯಿಲ್ಲ.

ಬರ್ಸ್ಟ್ ತೀರಾ ಚಿಕ್ಕದಾಯಿತೇನೋ ಅಂತ ನನ್ನ ಅನುಮಾನ. ಸುಮ್ನೆ ಜಾಸ್ತಿ ಮಾಡಿಬಿಡಲು ಧೈರ್ಯ ಬರುತ್ತಿಲ್ಲ. 10 ಎಂಬಿಪಿಎಸ್‌ಗೆ ಬರ್ಸ್ಟ್ ಎಷ್ಟಿಡಬೇಕು, ಅದರ ಲೆಕ್ಕ ಹೇಗೆ? ಗೊತ್ತಿರುವವರು ದಯವಿಟ್ಟು ತಿಳಿಸಿ.