ಗುಡ್ಡೆಯ ಬುಡದ ಮನೆಯವರು ತರಗೆಲೆ ಸುಡಬಹುದೇ?

ಪ್ರಶ್ನೆ (ಹೆಬ್ರಿ ಕಡೆಯ ಕೃಷಿಕರು): ಸರ್, ನಮ್ಮ ಜಾಗ ಸೋಮೇಶ್ವರ ಅಭಯಾರಣ್ಯದ ಅಂಚಿಗೆ ತಾಗಿದೆ. ಕೆಳಗೆ ಅಡಿಕೆ ತೋಟ, ಮೇಲೆ ಗೇರುಮರಗಳು. ಫೆಬ್ರವರಿ ಬಂತೆಂದರೆ ತರಗೆಲೆ ಗುಡಿಸಿ ರಾಶಿ ಹಾಕಿ ಬೆಂಕಿ ಕೊಡುವುದು ರೂಢಿ. ಈ ಬಾರಿ ಅರಣ್ಯ ರಕ್ಷಕರು ಬಂದು ಬೇಡವೆಂದರು. ಸ್ವಂತ ಜಾಗದಲ್ಲೂ ಸುಡಬಾರದೇ?

ಉತ್ತರ (ನಿವೃತ್ತ ವಲಯ ಅರಣ್ಯಾಧಿಕಾರಿ, ಕಾರ್ಕಳ): ಅವರು ಹೇಳಿದ್ದು ಸರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮಿನ ಪ್ರಕಾರ ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದು ಮಾತ್ರವಲ್ಲ, ಉರಿಯುವ ಬೆಂಕಿಯನ್ನು ಬಿಟ್ಟು ಹೋಗುವುದೂ ಅಪರಾಧ. ಕುದುರೆಮುಖದಂತಹ ರಾಷ್ಟ್ರೀಯ ಉದ್ಯಾನಕ್ಕೂ ಇದು ಅನ್ವಯಿಸುತ್ತದೆ. ನಿಮ್ಮ ಗೇರುಮರದಡಿಯ ಕಿಡಿ ಬೇಲಿ ದಾಟಿದರೆ ಮೊದಲು ವಿಚಾರಣೆಗೆ ಬರುವುದು ನಿಮ್ಮ ಮನೆಗೇ.

ಆದರೆ ಕಾನೂನಿಗಿಂತ ಮೊದಲು ಗಾಳಿಯ ಲೆಕ್ಕ ತಿಳಿದುಕೊಳ್ಳಿ. ನಮ್ಮಲ್ಲಿ ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಪಡುವಣದಿಂದ ಬೀಸುತ್ತದೆ, ಘಟ್ಟ ಇರುವುದು ಮೂಡಣದಲ್ಲಿ. ಅಂದರೆ ಗಾಳಿಯೂ ಏರೂ ಒಂದೇ ದಿಕ್ಕಿಗೆ. ಇಳಿಜಾರು 10 ಡಿಗ್ರಿ ಹೆಚ್ಚಿದರೆ ಮೇಲಕ್ಕೆ ಹತ್ತುವ ಬೆಂಕಿಯ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಜ್ವಾಲೆ ತನ್ನ ಮುಂದಿನ ಹುಲ್ಲನ್ನು ತಾನೇ ಒಣಗಿಸಿಕೊಂಡು ಹೋಗುತ್ತದೆ; ಮನುಷ್ಯ ಅದರ ಹಿಂದೆ ಓಡಿ ಹಿಡಿಯಲಾರ. ಹಾಗಾದರೆ ಬೆಳಿಗ್ಗೆ ಸುಡುತ್ತೇನೆ ಎನ್ನುತ್ತೀರಿ. ಆ ಹೊತ್ತಿನಲ್ಲಿ ಘಟ್ಟದಿಂದ ಇಳಿಯುವ ಒಣ ಮೂಡುಗಾಳಿ ಕಿಡಿಯನ್ನು ನಿಮ್ಮ ತೋಟಕ್ಕೇ ತರಬಹುದು. ಆದ್ದರಿಂದ ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ಗುಡ್ಡೆಯ ಬುಡದಲ್ಲಿ ಬೆಂಕಿಗೆ ಒಳ್ಳೆಯ ಹೊತ್ತು ಎಂಬುದೇ ಇಲ್ಲ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ತರಗೆಲೆಯನ್ನು ಹಟ್ಟಿಗೆ ಹಾಸಿ, ಸೆಗಣಿ ಗಂಜಲದೊಂದಿಗೆ ಕಳಿತು ಗೊಬ್ಬರವಾಗುತ್ತದೆ. ಹಟ್ಟಿ ಇಲ್ಲದವರು ಅಡಿಕೆ ಬುಡಕ್ಕೆ ಮುಚ್ಚಲಿ, ಬೇಸಿಗೆಯಲ್ಲಿ ತೇವ ಉಳಿಯುತ್ತದೆ. ಡಿಸೆಂಬರ್-ಜನವರಿಯಲ್ಲೇ ಕಾಡಿನ ಗಡಿಯುದ್ದಕ್ಕೂ ಮೂರು ನಾಲ್ಕು ಮೀಟರ್ ಅಗಲಕ್ಕೆ ಹುಲ್ಲು, ಎಲೆ ಎಲ್ಲವನ್ನೂ ಕೆರೆದು, ಮಣ್ಣು ಕಾಣುವಂತೆ ಬೆಂಕಿ ತಡೆಯುವ ಪಟ್ಟಿ ಮಾಡಿ. ಗೇರು, ರಬ್ಬರ್ ತೋಟ ಇರುವವರಿಗಂತೂ ಇದು ಅನಿವಾರ್ಯ. ರಬ್ಬರ್ ಎಲೆ ಉದುರಿಸುವುದೂ ಇದೇ ಒಣ ಕಾಲದಲ್ಲಿ. ಎಲೆ ಮತ್ತೆ ಬೀಳುತ್ತದೆ, ಆಗಾಗ ಗುಡಿಸಬೇಕು.

ಪ್ರಶ್ನೆ (ಮಾಳದಿಂದ ಒಬ್ಬರು): ಸರ್, ಬಸಳೆಗೂ ಸೌತೆಗೂ ಸುಡುಮಣ್ಣಿನ ಗೊಬ್ಬರ ಇಲ್ಲದೆ ಹೇಗೆ? ನನ್ನ ಅತ್ತೆಯವರ ಕಾಲದಿಂದ ಮಾಡುತ್ತಿದ್ದೇವೆ.

ಉತ್ತರ: ಮಾಡಿ ಅಕ್ಕ, ಅದನ್ನು ಬಿಡಿ ಎನ್ನಲು ನನಗೂ ಮನಸ್ಸಿಲ್ಲ. ಆದರೆ ಸುಡುಮಣ್ಣಿನ ಸ್ವಭಾವವೇ ಕೆಂಡವನ್ನು ಒಳಗೆ ಬಚ್ಚಿಟ್ಟುಕೊಳ್ಳುವುದು. ಎಲೆ, ಕಡ್ಡಿ, ಮೇಲೆ ಮಣ್ಣು. ಹೊರಗೆ ಹೊಗೆ ನಿಂತರೂ ಒಳಗೆ ದಿನಗಟ್ಟಲೆ ಬೇಯುತ್ತಿರುತ್ತದೆ. ಮಣ್ಣು ಜರಿದು ಗಾಳಿ ತಾಗಿದರೆ ಮತ್ತೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಇಬ್ಬನಿ ಬೀಳುವ ದಿನಗಳಲ್ಲೇ, ಜನವರಿಯೊಳಗೆ, ಕೊಯ್ಲು ಮುಗಿದ ಗದ್ದೆಯ ನಡುವೆ ಮಾಡಿ. ಗುಡ್ಡೆಯ ಬದಿಯಲ್ಲೂ ಹಾಡಿಯ ಪಕ್ಕದಲ್ಲೂ ಬೇಡ. ಸುತ್ತಲಿನ ಕೂಳೆಯನ್ನು ಕೆರೆದು ತೆಗೆಯಿರಿ, ನೀರು ಹತ್ತಿರದಲ್ಲಿರಲಿ. ಮುಗಿದ ಮೇಲೆ ನೀರು ಹೊಯ್ದು, ಗುದ್ದಲಿಯಿಂದ ಮಗುಚಿ, ಮತ್ತೆ ನೀರು ಹೊಯ್ಯಿರಿ. ಅಂಗೈಯ ಹಿಂಬದಿಯನ್ನು ಹತ್ತಿರ ಹಿಡಿದಾಗ ಬಿಸಿ ತಾಗಿದರೆ ಅದು ಆರಿಲ್ಲ. ಆ ರಾಶಿಗೆ ಪ್ಲಾಸ್ಟಿಕ್ ಮಾತ್ರ ಸೇರಿಸಬೇಡಿ. ತೆರೆದ ಜಾಗದಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡವೆಂದು ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ.

ಪ್ರಶ್ನೆ (ಉಡುಪಿಯ ವಿದ್ಯಾರ್ಥಿ): ಬಿದಿರುಮೆಳೆಗಳು ಒಂದಕ್ಕೊಂದು ತಿಕ್ಕಿ ಕಾಡ್ಗಿಚ್ಚು ಹುಟ್ಟುತ್ತದೆ ಎನ್ನುತ್ತಾರಲ್ಲ?

ಉತ್ತರ: ಎಲ್ಲ ಊರಲ್ಲೂ ಈ ಮಾತು ಕೇಳಿದ್ದೇನೆ, ನನ್ನ ಸೇವೆಯಲ್ಲಿ ಅಂತಹ ಒಂದು ಬೆಂಕಿಯನ್ನೂ ಕಂಡಿಲ್ಲ. ನಮ್ಮಲ್ಲಿ ಸಿಡಿಲು ಬರುವುದೂ ಹೆಚ್ಚಾಗಿ ಮಳೆಯ ಜೊತೆಗೇ. ನಮ್ಮ ಘಟ್ಟದ ಬೆಂಕಿಯ ಹಿಂದೆ ಹುಡುಕುತ್ತ ಹೋದರೆ ಸಿಗುವುದು ಮನುಷ್ಯನ ಕೈ: ಹೊಸ ಹುಲ್ಲು ಚಿಗುರಲೆಂದು ಕೊಟ್ಟ ಬೆಂಕಿ, ಜೇನು ಕೀಳಲು ಒಯ್ದ ಸೂಟೆ, ಆಗುಂಬೆ ರಸ್ತೆಯಲ್ಲಿ ಕಾರಿನಿಂದ ಎಸೆದ ಸಿಗರೇಟು, ಹೊಳೆ ಬದಿಯಲ್ಲಿ ಅಡುಗೆ ಮಾಡಿ ಆರಿಸದೆ ಬಿಟ್ಟ ಒಲೆ. ಬಿದಿರಿನ ಮೇಲೆ ಹಾಕಿದರೆ ಯಾರೂ ಹೊಣೆಯಾಗಬೇಕಿಲ್ಲ, ಅದಕ್ಕೇ ಆ ಮಾತು ಉಳಿದಿದೆ. ಕುದುರೆಮುಖದ ಬೆಟ್ಟಗಳಲ್ಲಿ ಹುಲ್ಲು ಮಳೆಗೆ ಮತ್ತೆ ಚಿಗುರುತ್ತದೆ ನಿಜ. ಆದರೆ ಹುಲ್ಲುಬೆಟ್ಟಗಳ ನಡುವಿನ ಕಣಿವೆಯಲ್ಲಿರುವ ಶೋಲಾ ಎಂಬ ನಿತ್ಯಹಸಿರು ಕಾಡಿನ ಮರಗಳಿಗೆ ಬೆಂಕಿ ತಡೆಯುವ ದಪ್ಪ ತೊಗಟೆ ಇಲ್ಲ. ಅಂಚಿನಲ್ಲಿ ಒಮ್ಮೆ ಸುಟ್ಟರೆ ಸಸಿಗಳು ಹೋಗುತ್ತವೆ, ಮರುವರ್ಷ ಹುಲ್ಲು ಇನ್ನಷ್ಟು ಒಳಗೆ ಬರುತ್ತದೆ. ಆ ಕಾಡಿನಿಂದ ಒಸರುವ ನೀರೇ ನಮ್ಮ ಹೊಳೆಗಳಿಗೆ ಬರಬೇಕು.

ಪ್ರಶ್ನೆ (ಹೆಬ್ರಿ ಕಡೆಯ ಕೃಷಿಕರು): ಗುಡ್ಡೆಯಲ್ಲಿ ಹೊಗೆ ಕಂಡರೆ ನಾವೇ ಹೋಗಿ ಆರಿಸಬಹುದೇ?

ಉತ್ತರ: ಮೊದಲು ಫೋನ್ ಮಾಡಿ. ಅಗ್ನಿಶಾಮಕಕ್ಕೆ 101 ಅಥವಾ 112. ನಿಮ್ಮ ವಲಯ ಕಚೇರಿಯ ಸಂಖ್ಯೆಯನ್ನು ಇಂದೇ ಮೊಬೈಲ್‌ನಲ್ಲಿ ಬರೆದುಕೊಳ್ಳಿ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹದ ಆಧಾರದಲ್ಲಿ ಎಚ್ಚರಿಕೆ ಸಂದೇಶ ಕಳುಹಿಸುತ್ತದೆ, ಆದರೆ ಉಪಗ್ರಹ ನಿಮ್ಮ ತಲೆಯ ಮೇಲೆ ದಿನವಿಡೀ ನಿಂತಿರುವುದಿಲ್ಲ. ನಿಮ್ಮ ಕಣ್ಣು ಅದಕ್ಕಿಂತ ಮೊದಲು ನೋಡಬಹುದು.

ಸಿಬ್ಬಂದಿ ಬರುವ ಮೊದಲು ನೀವು ಮಾಡಬೇಕಾದದ್ದು ನಿಮ್ಮ ಗಡಿಯ ಪಟ್ಟಿಯನ್ನು ಇನ್ನೊಮ್ಮೆ ಗುಡಿಸುವುದು. ಬೆಂಕಿಯ ಮೇಲ್ಭಾಗಕ್ಕೆ ಎಂದಿಗೂ ಹೋಗಬೇಡಿ. ಸಿಬ್ಬಂದಿಯ ಜೊತೆ ಕೈಜೋಡಿಸಿದರೆ ಹಸಿ ಸೊಪ್ಪಿನ ಕೊಂಬೆ ಹಿಡಿದು ಬದಿಯಿಂದ ಬಡಿಯಬೇಕು. ಸುಟ್ಟು ಕರಕಲಾದ ನೆಲ ಬೆನ್ನ ಹಿಂದೆ ಇರಲಿ, ಓಡಬೇಕಾದರೆ ಅಲ್ಲಿಗೇ. ಹತ್ತಿಬಟ್ಟೆ ತೊಡಿ, ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಬೆಂಕಿ ಒಬ್ಬ ಅರಣ್ಯ ರಕ್ಷಕರ ಜೀವ ತೆಗೆಯಿತು. ತರಬೇತಿ ಇದ್ದವರಿಗೇ ಹಾಗಾದ ಮೇಲೆ, ಎದುರುಬೆಂಕಿ (ಬರುವ ಬೆಂಕಿಯ ಮುಂದಿನ ಹುಲ್ಲನ್ನು ಮೊದಲೇ ಸುಡುವುದು) ಕೊಡುವ ಸಾಹಸವನ್ನು ನಿಮ್ಮ ಮನೆಯ ಹುಡುಗರು ಮಾಡದಂತೆ ನೋಡಿಕೊಳ್ಳಿ.